ನಿಮ್ಮ ಬೀಗರು ಯಾವ ಹಟ್ಟಿಯವರು?

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಆರೋಗ್ಯ ಸಹಾಯಕಿಯ ಉತ್ತರ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಕೆಲವು ದೇಶಗಳಲ್ಲಿ ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿ ಇದೆಯಂತೆ, ಮೊನ್ನೆ ಪಾಠ ಆಯಿತು. ಮಗು ಕಿರುಚುವಾಗ ಹೆತ್ತ ತಾಯಿ, ಅಜ್ಜಿಯೇ ಕೈಕಾಲು ಹಿಡಿದುಕೊಂಡಿರುತ್ತಾರಂತೆ. ತಾಯಿಗೆ ಹೇಗೆ ಮನಸ್ಸು ಬರುತ್ತದೆ ಮೇಡಂ? "ಸದ್ಯ, ನಮ್ಮ ಕಡೆ ಇಂಥದ್ದೇನೂ ಇಲ್ಲ" ಅಂದೆ. ಪಕ್ಕದಲ್ಲಿದ್ದ ಹಿರಿಯೂರು ಕಡೆಯ ಗೆಳತಿ ಸುಮ್ಮನೆ ನನ್ನ ಮುಖ ನೋಡಿದಳು. ಆಮೇಲೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನಾನು ಏನು ತಪ್ಪು ಹೇಳಿದೆ?

ಉತ್ತರ: ನನ್ನ ಮೊಮ್ಮಗಳ ವಯಸ್ಸಿನವಳು, ನೀನು ಅಂತಲೇ ಅನ್ನುತ್ತೇನೆ. ನಿನ್ನ ಗೆಳತಿ ಯಾಕೆ ಹಾಗೆ ನೋಡಿದಳು ಅಂತ ನನಗೆ ಅಂದಾಜಿದೆ. ಹಿರಿಯೂರು, ಚಳ್ಳಕೆರೆ ಕಡೆ ಸಬ್‌ಸೆಂಟರುಗಳಲ್ಲಿ ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ, ಅಂದರೆ ಕುರಿ ಸಾಕುವ ಆ ಜನ ಒಟ್ಟಾಗಿರುವ ಸಣ್ಣ ಊರುಗಳು. ಮುಟ್ಟಾದ ಹೆಂಗಸು ಹಟ್ಟಿಯಿಂದ ಹೊರಗಿರಬೇಕು. ಹೆತ್ತವಳು ಹಸಿಗೂಸಿನ ಜೊತೆ ವಾರಗಟ್ಟಲೆ, ಕೆಲವು ಕಡೆ ತಿಂಗಳು ಮೀರಿ, ಹೊರಗಿನ ಗುಡ್ಲಲ್ಲಿ ಇರಬೇಕು. ಈಗ ಎಲ್ಲ ಹಟ್ಟಿಯಲ್ಲೂ ಒಂದೇ ಥರ ಇಲ್ಲ. ಬಿಟ್ಟವರಿದ್ದಾರೆ, ದಿನ ಕಡಿಮೆ ಮಾಡಿದವರಿದ್ದಾರೆ. ಆದರೆ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ಹತ್ತಿರದ ಒಂದು ಗೊಲ್ಲರಹಟ್ಟಿಯಲ್ಲಿ, ಹೊರಗಿನ ಗುಡಿಸಲಲ್ಲಿ ತಾಯಿ ಜೊತೆ ಇದ್ದ ಕೂಸು ಮಳೆ ಚಳಿಯಲ್ಲಿ ತೀರಿಕೊಂಡಿತು. ಆ ಸುದ್ದಿ ಓದಿದ ರಾತ್ರಿ ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

"ತಾಯಿಗೆ ಹೇಗೆ ಮನಸ್ಸು ಬರುತ್ತದೆ" ಅಂತ ಕೇಳಿದೆ. ಇದೇ ಪ್ರಶ್ನೆಯನ್ನು ನಾನೂ ಒಬ್ಬ ಅತ್ತೆಗೆ ಕೇಳಿದ್ದೆ. 1991ರ ಡಿಸೆಂಬರ್. ನನಗಾಗ ಇಪ್ಪತ್ತೇಳು ವರ್ಷ. ಹಟ್ಟಿಯ ಬೇಲಿಯಾಚೆ ತೆಂಗಿನ ಗರಿಯ ಗುಡ್ಲು, ಒಳಗೆ ನಿಂತರೆ ತಲೆ ತಾಗುತ್ತಿತ್ತು. ಹತ್ತೊಂಬತ್ತರ ಹುಡುಗಿ, ಒಂಬತ್ತು ದಿನದ ಕೂಸು. ಅದರ ಕಾಲು ಮುಟ್ಟಿ ನೋಡಿದೆ, ತಣ್ಣಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ನಿಮಗೆ ಕರುಳು ಅನ್ನೋದು ಇಲ್ವಾ?" ಅಂತ ಅತ್ತೆಯ ಮೇಲೆ ಕೂಗಾಡಿದೆ. ಆಕೆ ಜಗಳ ಮಾಡಲಿಲ್ಲ. ಶೇಂಗಾ ಬಿಡಿಸುತ್ತಾ ಕೂತಿದ್ದವರು ಕೈ ನಿಲ್ಲಿಸಿ ಹೇಳಿದರು: "ನಾನೂ ಇಲ್ಲೇ ಮೂರು ಹೆತ್ತೀನಿ ಸಿಸ್ಟ್ರೇ. ಒಂದುನ್ನ ಇಲ್ಲೇ ಕಳ್ಕಂಡೆ. ಇವ್ಳುನ್ನ ಒಳಕ್ಕೆ ಕರ್ಕಂಡ್ರೆ ನಾಳೆ ನನ್ನ ಮಗ್ಳುನ್ನ ಯಾರ್ ತಗಂತಾರೆ?"

ಕೂಸು ಕಳೆದುಕೊಂಡ ತಾಯಿ ಆಕೆ. ಆ ಗುಡ್ಲು ಏನು ಮಾಡುತ್ತದೆ ಅನ್ನೋದು ನನಗಿಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೊಸೆಯನ್ನು ಅಲ್ಲೇ ಇಟ್ಟಿದ್ದರು. ಮದುವೆ ವಯಸ್ಸಿಗೆ ಬಂದ ಮಗಳೊಬ್ಬಳು ಮನೆಯಲ್ಲಿದ್ದಳು. ಸೂತಕ ಮುರಿದ ಮನೆಗೆ ಯಾವ ಹಟ್ಟಿಯವರೂ ನೆಂಟಸ್ತಿಕೆ ಕೇಳಿಕೊಂಡು ಬರುವುದಿಲ್ಲ.

ಆಗ ನನಗೆ ಈ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗಂಡನನ್ನು ಒಪ್ಪಿಸಿದೆ. ಅವನು ಒಳ್ಳೆಯ ಹುಡುಗ, ರಾತ್ರೋರಾತ್ರಿ ಬಾಣಂತಿಯನ್ನು ಮನೆಯೊಳಗೆ ಕರೆದುಕೊಂಡ. ಗೆದ್ದೆ ಅಂದುಕೊಂಡೆ. ವಾರದೊಳಗೆ ಆ ಮನೆಯ ಕುರಿಗಳು ಸತ್ತವು. ಕರುಳುಬೇನೆ ಇರಬೇಕು, ಆ ಸಲ ಸುತ್ತಮುತ್ತ ಬಂದಿತ್ತು. ಹಟ್ಟಿಯವರು ದೇವರು ಮುನಿದಿದೆ ಅಂದರು. ದಂಡ ಹಾಕಿದರು, ಮನೆಗೆಲ್ಲ ಗಂಜಲ ಚಿಮುಕಿಸಿದರು, ಹುಡುಗಿಯನ್ನು ಮತ್ತೆ ಗುಡ್ಲಿಗೆ ಕಳಿಸಿ ಮೊದಲಿಗಿಂತ ಜಾಸ್ತಿ ದಿನ ಇರಿಸಿದರು. ಕೂಸು ಉಳಿಯಿತು. ಆದರೆ ಹತ್ತಿರ ಹತ್ತಿರ ಒಂದು ವರ್ಷ ಆ ಹಟ್ಟಿಯಿಂದ ಒಂದು ಮಗುವೂ ನನ್ನ ಹತ್ತಿರ ಚುಚ್ಚುಮದ್ದಿಗೆ ಬರಲಿಲ್ಲ. ಆ ವರ್ಷದ ಲಸಿಕೆ ರಿಜಿಸ್ಟರಿನ ಖಾಲಿ ಸಾಲುಗಳು ಈಗಲೂ ನನ್ನ ಕಣ್ಣ ಮುಂದಿವೆ. ಅದು ನಾನು ಮಾಡಿದ ತಪ್ಪು.

ಈಗ ನಿನ್ನ ಪಾಠಕ್ಕೆ ಬರುತ್ತೇನೆ.

ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಇವತ್ತು ಜಗತ್ತಿನಲ್ಲಿ 23 ಕೋಟಿಗೂ ಹೆಚ್ಚು ಹೆಂಗಸರು, ಹುಡುಗಿಯರು ಈ ಕತ್ತರಿ ದಾಟಿ ಬಂದವರು. ಕೆಲವು ಕಡೆ ಸುಖದ ಅನುಭವ ಕೊಡುವ ಸಣ್ಣ ಭಾಗವನ್ನಷ್ಟೇ ತೆಗೆಯುತ್ತಾರೆ. ಸೊಮಾಲಿಯಾದಂಥ ಕಡೆ ಎಲ್ಲವನ್ನೂ ಕತ್ತರಿಸಿ, ಮೂತ್ರ ಮತ್ತು ಮುಟ್ಟಿನ ರಕ್ತ ಹೋಗಲು ಒಂದು ಕಿಂಡಿ ಮಾತ್ರ ಬಿಟ್ಟು ಹೊಲಿದುಬಿಡುವ ಕ್ರಮವೂ ಇದೆ. ರಕ್ತಸ್ರಾವ, ನಂಜು, ಮೂತ್ರ ಮಾಡುವಾಗ ಜೀವ ಹೋಗುವ ನೋವು, ಮುಂದೆ ಹೆರಿಗೆಯಲ್ಲಿ ತಾಯಿ ಮಗು ಇಬ್ಬರಿಗೂ ಅಪಾಯ. ಇದರಿಂದ ಆರೋಗ್ಯಕ್ಕೆ ಒಂದು ಲಾಭವೂ ಇಲ್ಲ. ನಮ್ಮ ದೇಶದಲ್ಲೂ ಬೊಹ್ರಾ ಎಂಬ ಮುಸ್ಲಿಂ ಸಮುದಾಯದ ಕೆಲವರಲ್ಲಿ ಸುಮಾರು ಏಳು ವರ್ಷದ ಹುಡುಗಿಯರಿಗೆ ಖತ್ನಾ ಮಾಡಿಸುತ್ತಾರೆ. ಅದನ್ನು ಅನುಭವಿಸಿದ ಹೆಂಗಸರೇ ಮುಂದೆ ಬಂದು ಮಾತಾಡಿದರು. 2017ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಹಾಗಾಗಿ "ನಮ್ಮ ಕಡೆ ಇಲ್ಲ" ಅನ್ನೋ ಮಾತನ್ನು ಸ್ವಲ್ಪ ಹುಷಾರಾಗಿ ಆಡಬೇಕು ಮಗಳೇ.

ಇದು ಯಾವುದೋ ಒಂದು ಧರ್ಮದ ಆಚರಣೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಕುರಾನಿನಲ್ಲಿ ಇದರ ಮಾತಿಲ್ಲ. ಈಜಿಪ್ಟಿನಲ್ಲಿ ಮುಸ್ಲಿಮರೂ ಮಾಡಿಸುತ್ತಾರೆ, ಕ್ರೈಸ್ತರೂ ಮಾಡಿಸುತ್ತಾರೆ. ಆ ಎರಡು ಧರ್ಮಗಳಿಗಿಂತ ಹಳೆಯ ಪದ್ಧತಿ ಇದು. ಸೆನೆಗಲ್ ದೇಶದಲ್ಲಿ ವೊಲೋಫ್ ಅನ್ನುವ ದೊಡ್ಡ ಜನಾಂಗದವರು ಮುಸ್ಲಿಮರೇ, ಅವರಲ್ಲಿ ಈ ಪದ್ಧತಿ ಇಲ್ಲ. ಅದೇ ದೇಶದ ಬಂಬಾರಾ ಜನರಲ್ಲಿ ಇತ್ತು.

ಹಾಗಾದರೆ ಇದನ್ನು ಹಿಡಿದಿಟ್ಟಿರುವುದು ಏನು? ಪದ ನೋಡು, ಅರ್ಧ ಅಲ್ಲೇ ಗೊತ್ತಾಗುತ್ತದೆ. ಈಜಿಪ್ಟಿನಲ್ಲಿ ಇದನ್ನು ಜನ "ತಹಾರಾ" ಅನ್ನುತ್ತಾರೆ. ಶುದ್ಧಿ ಅಂತ ಅರ್ಥ. ನಮ್ಮ "ಮಡಿ" ಇದೆಯಲ್ಲ, ಹಾಗೆ. ಕೆಲಸಕ್ಕೆ ಶುದ್ಧಿ ಅಂತ ಹೆಸರಿಟ್ಟ ಮೇಲೆ ಮಾಡಿಸಿಕೊಳ್ಳದವಳು ತಾನಾಗೇ ಮೈಲಿಗೆಯವಳಾದಳು. ಅಂಥವಳು ಕೊಟ್ಟ ನೀರು ಕುಡಿಯದ, ಮಾಡಿದ ಅಡುಗೆ ಉಣ್ಣದ ಊರುಗಳಿವೆ. ಅವಳನ್ನು ಮದುವೆ ಯಾರು ಆಗುತ್ತಾರೆ? ಗಂಡಸರು ಮದುವೆಯಾಗಲ್ಲ ಅಂತ ಹೆಂಗಸರು ಮಾಡಿಸುತ್ತಾರೆ. ಅದು ಹೆಂಗಸರ ವಿಷಯ, ನಮಗೇನು ಗೊತ್ತು ಅಂತ ಗಂಡಸರು ಕೈ ತೊಳೆದುಕೊಳ್ಳುತ್ತಾರೆ. ಮಗಳ ಕಾಲು ಹಿಡಿದುಕೊಂಡ ತಾಯಿಗೆ ತಾನು ಹಿಂಸೆ ಮಾಡುತ್ತಿದ್ದೇನೆ ಅನ್ನಿಸಿರುವುದಿಲ್ಲ. ಮಗಳ ಬದುಕಿಗೆ ಒಂದು ದಾರಿ ಮಾಡುತ್ತಿದ್ದೇನೆ, ಇದೊಂದು ನೋವು ಮುಗಿದರೆ ಆಯಿತು ಅಂದುಕೊಂಡಿರುತ್ತಾಳೆ. ಶೇಂಗಾ ಬಿಡಿಸುತ್ತಿದ್ದ ಆ ಅತ್ತೆ ಹೇಳಿದ್ದೂ ಅದೇ ಅಲ್ವಾ?

ನಂಬಿಕೆ ಹೋದರೆ ಪದ್ಧತಿ ತಾನಾಗೇ ಹೋಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ನನ್ನ ಮನೆಯ ಮಾತೇ ಹೇಳುತ್ತೇನೆ. ನಾವು ಲಿಂಗಾಯತರು. 12ನೇ ಶತಮಾನದಲ್ಲೇ ಶರಣರು ಪಂಚಸೂತಕ ಬೇಡ ಅಂದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಯಾವುದರಿಂದಲೂ ಮೈಲಿಗೆ ಇಲ್ಲ. ನಮ್ಮಪ್ಪ ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಸಂಜೆ ಸ್ನಾನ ಮಾಡಿ ವಚನ ಓದುತ್ತಿದ್ದರು. ಅದೇ ಮನೆಯಲ್ಲಿ ನಮ್ಮವ್ವ ತಿಂಗಳಿಗೆ ಮೂರು ದಿನ ಹಿತ್ತಲ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಕೂರುತ್ತಿದ್ದರು. ಒಮ್ಮೆ ಕೇಳಿದೆ, "ಅಪ್ಪ ಓದೋದರಲ್ಲಿ ಹಂಗಿಲ್ವಲ್ಲವ್ವ?" ಅವ್ವ ಅಂದರು, "ನನಗೂ ಗೊತ್ತವ್ವ. ಪಕ್ಕದ ಮನೆಯೋರು ಏನಂತಾರೆ?" ನಂಬಿಕೆ ಎಂದೋ ಹೋಗಿತ್ತು. ಪಕ್ಕದ ಮನೆಯವರು ಇದ್ದರು.

ಪಕ್ಕದ ಮನೆ ಯಾವುದು, ಬೀಗರ ಮನೆ ಯಾವುದು ಅನ್ನುವುದನ್ನು ಹಿಡಿದು ಹೊರಟ ಕಡೆ ಇಂಥ ಪದ್ಧತಿಗಳು ನಿಂತುಹೋಗಿವೆ. ಚೀನಾದಲ್ಲಿ ನೂರಾರು ವರ್ಷ ಹುಡುಗಿಯರ ಪಾದ ಮುರಿದು ಕಟ್ಟುತ್ತಿದ್ದರು. ಸಣ್ಣ ಪಾದ ಇಲ್ಲದಿದ್ದರೆ ಒಳ್ಳೆಯ ಮನೆತನದ ಗಂಡು ಸಿಗಲ್ಲ. ನೋವಾಗುತ್ತದೆ ಅಂತ ಭಾಷಣ ಮಾಡಿದರೆ ಏನು ಉಪಯೋಗ? ಅದು ಎಲ್ಲ ತಾಯಂದಿರಿಗೂ ಗೊತ್ತಿತ್ತು. 19ನೇ ಶತಮಾನದ ಕೊನೆಗೆ ಅಲ್ಲಿ ಕೆಲವರು ಸಂಘ ಕಟ್ಟಿಕೊಂಡು ಎರಡು ಮಾತು ಕೊಟ್ಟುಕೊಂಡರು. ನಮ್ಮ ಮಗಳ ಪಾದ ಕಟ್ಟಲ್ಲ. ಪಾದ ಕಟ್ಟಿದ ಹುಡುಗಿಯನ್ನು ನಮ್ಮ ಮಗನಿಗೆ ತರಲ್ಲ. ಎರಡನೇ ಮಾತೇ ಮುಖ್ಯ. ಪಾದ ಕಟ್ಟದ ಹುಡುಗಿಗೆ ಆ ಸಂಘದೊಳಗೇ ಗಂಡು ಸಿಗುವ ಹಾಗಾಯಿತು. ಸಂಘಗಳು ಹಬ್ಬಿದ ಕಡೆ ಒಂದು ತಲೆಮಾರಿನಲ್ಲಿ ಪದ್ಧತಿ ಮುಗಿಯಿತು.

ಸೆನೆಗಲ್ ಕಥೆ ನನಗೆ ಇನ್ನೂ ಇಷ್ಟ. ಮಲಿಕುಂಡಾ ಬಂಬಾರಾ ಅಂತ ಒಂದು ಹಳ್ಳಿ. ಟೋಸ್ತಾನ್ ಎಂಬ ಸಂಸ್ಥೆಯವರು ಅಲ್ಲಿನ ಹೆಂಗಸರಿಗೆ ಅವರ ಭಾಷೆಯಲ್ಲೇ ಓದು, ಆರೋಗ್ಯ, ಹಕ್ಕು ಎಲ್ಲ ಕಲಿಸುತ್ತಿದ್ದರು. "ಕತ್ತರಿಸಬೇಡಿ" ಅಂತ ಹೇಳುವುದಕ್ಕೆ ಬಂದವರಲ್ಲ. ಹೆಂಗಸರೇ ತಮ್ಮತಮ್ಮಲ್ಲಿ ಮಾತಾಡಿ, ಗಂಡಂದಿರ ಹತ್ತಿರ, ಇಮಾಮರ ಹತ್ತಿರ ಮಾತಾಡಿ, 1997ರ ಜುಲೈ 31ರಂದು ಎಲ್ಲರೆದುರು ನಿಂತು ಬಿಟ್ಟೆವು ಅಂತ ಸಾರಿದರು. ಪಕ್ಕದ ಊರಿನವರಿಗೆ ಸಿಟ್ಟು ಬಂತು. ಆ ಸೀಮೆಯಲ್ಲೇ ದೆಂಬಾ ಜವಾರಾ ಅಂತ ಒಬ್ಬ ವಯಸ್ಸಾದ ಇಮಾಮ್ ಇದ್ದರು, ಬೇರೆ ಹಳ್ಳಿಯವರು. ಅವರ ತರ್ಕ ಸರಳ. ನಮ್ಮ ಕುಟುಂಬ ಅಂದರೆ ಈ ಒಂದು ಊರಲ್ಲ, ನಾವು ಹೆಣ್ಣು ಕೊಟ್ಟು ತರುವ ಊರೆಲ್ಲ. ಅವರನ್ನು ಬಿಟ್ಟು ನಾವೊಬ್ಬರೇ ನಿಲ್ಲಿಸಿದರೆ ನಮ್ಮ ಹೆಣ್ಣುಮಕ್ಕಳ ಗತಿ ಏನು? ನೆಂಟರ ಹಳ್ಳಿಹಳ್ಳಿಗೂ ಕಾಲ್ನಡಿಗೆಯಲ್ಲಿ ಹೋದರು. ಯಾರನ್ನೂ ಬೈಯಲಿಲ್ಲ. 1998ರ ಫೆಬ್ರವರಿಯಲ್ಲಿ 13 ಹಳ್ಳಿಯವರು ಸೇರಿ ಒಟ್ಟಿಗೆ ಬಿಟ್ಟರು. ಆಮೇಲೆ ಅದು ಸಾವಿರಾರು ಹಳ್ಳಿಗೆ ಹೋಯಿತು. ಸರ್ಕಾರದ ಕಾನೂನು ಬಂದಿದ್ದು 1999ರಲ್ಲಿ, ಹಳ್ಳಿಯವರ ಹಿಂದೆ.

ಈ ಕಥೆ ತಿಳಿದಾಗ ನಾನು ಕೆಲಸದಿಂದ ನಿವೃತ್ತಳಾಗಿದ್ದೆ. 1991ರಲ್ಲಿ ನನಗಿದು ಗೊತ್ತಿದ್ದರೆ ಆ ಹುಡುಗನನ್ನು ಒಂಟಿಯಾಗಿ ಮುಂದೆ ತಳ್ಳುತ್ತಿರಲಿಲ್ಲ. ಅತ್ತೆಯ ಮುಂದೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದೆ: ನಿಮ್ಮ ಬೀಗರು ಯಾವ ಹಟ್ಟಿಯವರು?

ನಿನ್ನ ಗೆಳತಿಯ ಹತ್ತಿರ ಹೋಗು. ಕ್ಷಮೆ ಕೇಳುವುದೇನೂ ಬೇಡ. "ನಿಮ್ಮೂರಲ್ಲಿ ಹೇಗೆ ಅಂತ ಹೇಳ್ತೀಯಾ?" ಅನ್ನು. ಮುಂದೆ ನೀವಿಬ್ಬರೂ ನರ್ಸ್ ಆಗುತ್ತೀರಿ. ಅವಳಿಗೆ ಗೊತ್ತಿರುವುದು ನಿನಗೆ ಯಾವ ಪಾಠದಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಹೊರಗೆ ಕೂರುವುದನ್ನು ಎಲ್ಲರೂ ಅನಿಷ್ಟ ಅನ್ನುತ್ತೀರಿ. ಆ ದಿನಗಳಲ್ಲಿ ಹೆಂಗಸರಿಗೆ ವಿಶ್ರಾಂತಿ ಸಿಗಲಿ ಅಂತ ಹಿರಿಯರು ಮಾಡಿದ್ದು. ಈಗ ಸರ್ಕಾರವೇ ಹಟ್ಟಿಗಳಲ್ಲಿ ಒಳ್ಳೆಯ ಕಟ್ಟಡ ಕಟ್ಟಿಸಿಕೊಟ್ಟಿದೆಯಲ್ಲ, ಇನ್ನೇನು ತೊಂದರೆ? (ಹೊಸದುರ್ಗದ ಓದುಗರು)

ಉತ್ತರ: ವಿಶ್ರಾಂತಿಯಾದರೆ ಬೇಕಾದಾಗ ತಗೊಳ್ಳಬಹುದು, ಸಾಕಾದಾಗ ಎದ್ದು ಬರಬಹುದು. ಮಳೆ ಬಂದರೆ ಒಳಗೆ ಬಾ ಅನ್ನುತ್ತಾರಾ ಸರ್? ಹಾವು ಕಂಡರೆ? ನಾನು ನೋಡಿದ ಹೆಂಗಸರು ಆ ಮೂರು ದಿನವೂ ಸೌದೆ ತಂದರು, ಕೂಲಿಗೆ ಹೋದರು. ನಿಂತಿದ್ದು ಮನೆಯೊಳಗಿನ ನಿದ್ದೆ ಒಂದೇ. ಹಿರಿಯರ ಉದ್ದೇಶ ಏನಿತ್ತೋ, ಈಗ ನಡೆಯುತ್ತಿರುವುದು ಇದು.

ಕಟ್ಟಡದ ವಿಷಯ ನನಗೂ ಸುಲಭವಲ್ಲ. ಕೃಷ್ಣ ಕುಟೀರ ಅಂತ, ಮಹಿಳಾ ಭವನ ಅಂತ ಕಟ್ಟಿದ್ದಾರೆ. ಗರಿಯ ಗುಡ್ಲಿಗಿಂತ ಆರ್‌ಸಿಸಿ ಮೇಲೆ, ಅದನ್ನು ನಾನು ಅಲ್ಲಗಳೆಯಲಾರೆ. ಡಿಸೆಂಬರಿನಲ್ಲಿ ಆ ಕೂಸಿನ ಕಾಲು ಮುಟ್ಟಿದ ಕೈ ಇದು. ಆದರೆ ಸರ್ಕಾರವೇ ಕಟ್ಟಿಸಿದ ಮೇಲೆ, "ನೋಡಿ, ಸರ್ಕಾರವೂ ಒಪ್ಪಿದೆ" ಅಂತ ಆಗುವುದಿಲ್ವಾ? ಈಜಿಪ್ಟಿನಲ್ಲಿ ಹೀಗೇ ಆಯಿತು. ಬ್ಲೇಡಿನವಳ ಬದಲು ಡಾಕ್ಟರ ಹತ್ತಿರ ಮಾಡಿಸಿದರೆ ಅಪಾಯ ಇಲ್ಲ ಅಂತ ಜನ ಕ್ಲಿನಿಕ್ಕಿಗೆ ಹೋದರು. ಕತ್ತರಿಸುವುದು ನಿಲ್ಲಲಿಲ್ಲ, ಜಾಗ ಬದಲಾಯಿತು ಅಷ್ಟೇ. 2007ರಲ್ಲಿ 12 ವರ್ಷದ ಹುಡುಗಿ ಡಾಕ್ಟರ ಕೈಯಲ್ಲೇ ಸತ್ತಳು. ಆಮೇಲೆ ಅಲ್ಲಿ ವೈದ್ಯರಿಗೂ ಪೂರ್ತಿ ನಿಷೇಧ ಹಾಕಿ, 2008ರಲ್ಲಿ ಅದನ್ನು ಅಪರಾಧ ಮಾಡಿದರು.

ಕಾಡುಗೊಲ್ಲರ ದೇವರಾದ ಜುಂಜಪ್ಪನ ಮೇಲೆ, ಎತ್ತಪ್ಪನ ಮೇಲೆ ನಿಮಗಿರುವ ಭಕ್ತಿಯ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಗಣೆ ಅನ್ನುವ ಬಿದಿರು ಕೊಳಲು ಊದುವುದನ್ನು ರಾತ್ರಿಯೆಲ್ಲ ಕೂತು ಕೇಳಿದ್ದೇನೆ, ಅಂಥ ಸೊಗಸು ಬೇರೆ ಕಡೆ ಕೇಳಿಲ್ಲ. ಹೆಂಗಸರು ಒಳಗೆ ಮಲಗಿದರೆ ಗಣೆಯ ಸೊಲ್ಲು ಕೆಡುವುದಿಲ್ಲ ಸರ್.

ಪ್ರಶ್ನೆ: ನನ್ನದು ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿ, ಹೆಸರು ಹಾಕಬೇಡಿ. ವಯಸ್ಸು 22. ಈಗ ಏಳು ತಿಂಗಳು. ಹೆರಿಗೆ ಬೀಳುವುದು ಚಳಿಗಾಲಕ್ಕೆ. ಹೊರಗೆ ಇರೋದನ್ನ ನೆನೆಸಿಕೊಂಡರೆ ನಿದ್ದೆ ಬರಲ್ಲ. ನನ್ನ ಗಂಡ ಬೆಂಗಳೂರಿನಲ್ಲಿ ಡ್ರೈವರ್, ಅವರಿಗೆ ಇದೆಲ್ಲ ಇಷ್ಟ ಇಲ್ಲ. ಆದರೆ ಅತ್ತೆ ಎದುರು ಮಾತಾಡಲ್ಲ. ತವರೂ ಹಟ್ಟಿಯೇ, ಅಲ್ಲೂ ಹಂಗೇ. ಕಾನೂನು ಇದೆ ಅಂತಾರೆ. ಪೊಲೀಸರಿಗೆ ಹೇಳಬೇಕಾ?

ಉತ್ತರ: ತಾಯಿ, ನಿನ್ನ ಕಾಗದ ಎರಡು ಸಲ ಓದಿದೆ. ಮೊದಲು ಧೈರ್ಯ ತಗೋ. ಇನ್ನೂ ಎರಡು ತಿಂಗಳು ಕೈಯಲ್ಲಿದೆ.

ಕಾನೂನು ನಿನ್ನ ಕಡೆ ಇದೆ. ರಾಜ್ಯದ ಮೌಢ್ಯ ನಿಷೇಧ ಕಾಯ್ದೆ 2017ರದು, ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಮುಟ್ಟಾದವಳನ್ನು, ಬಸುರಿಯನ್ನು ಬಲವಂತವಾಗಿ ಬೇರೆ ಇರಿಸುವುದು, ಊರೊಳಗೆ ಬಿಡದೇ ಇರುವುದು ಅದರಲ್ಲಿ ಅಪರಾಧ. ಇದು ಮನಸ್ಸಿನಲ್ಲಿರಲಿ. ಆದರೆ ಮೊದಲ ಹೆಜ್ಜೆಯೇ ಪೊಲೀಸ್ ಸ್ಟೇಷನ್ ಆದರೆ ಆಮೇಲೆ ಆ ಮನೆಯಲ್ಲಿ ಬಾಳಬೇಕಾದವಳು ನೀನು. ಅದಕ್ಕೇ ಬೇರೆ ದಾರಿ ಮೊದಲು ಹೇಳುತ್ತೇನೆ.

ನಿನ್ನ ಅತ್ತೆಗೆ ಮದುವೆಯಾಗದ ಮಗಳಿದ್ದಾಳಾ, ಮಗನಿದ್ದಾನಾ? ಆಕೆ ಹೆದರುವುದು ಯಾರಿಗೆ? ಪೂಜಾರಿಗಾ, ಹಟ್ಟಿ ಯಜಮಾನನಿಗಾ, ಬೀಗರ ಬಾಯಿಗಾ? ಅದನ್ನು ಕಂಡುಕೊಂಡರೆ ಯಾರ ಹತ್ತಿರ ಮಾತಾಡಬೇಕು ಅನ್ನುವುದು ಗೊತ್ತಾಗುತ್ತದೆ. ನಿನ್ನ ಗಂಡನಿಗೆ ಹೇಳು, ಅವ್ವನ ಎದುರು ಒಬ್ಬನೇ ನಿಲ್ಲುವುದು ಬೇಡ, ಸೋದರಮಾವನನ್ನು ಕರೆದುಕೊಂಡು ಬರಲಿ. ಅವನ ಜೊತೆ ಬೆಂಗಳೂರಿನಲ್ಲಿ ದುಡಿಯುವ ನಿಮ್ಮ ಜನದ ಹುಡುಗರಿರುತ್ತಾರೆ, ಅವರ ಹೆಂಡತಿಯರೂ ನಿನ್ನ ಹಾಗೇ ಹೆದರಿರುತ್ತಾರೆ. ಮೂರು ಮನೆಯವರು ಒಟ್ಟಿಗೆ "ನಾವು ಬಾಣಂತಿಯನ್ನು ಹೊರಗೆ ಇಡಲ್ಲ, ನಮ್ಮನಮ್ಮಲ್ಲಿ ಹೆಣ್ಣು ಕೊಟ್ಟು ತರೋದಕ್ಕೆ ಇದು ಅಡ್ಡಿ ಅಲ್ಲ" ಅಂದರೆ ಯಜಮಾನನಿಗೂ ಯೋಚನೆ ಬರುತ್ತದೆ. ಒಬ್ಬಳೇ ಮೊದಲಿಗಳಾಗಬೇಡ. ಆ ತಪ್ಪನ್ನು ನಾನು ಬೇರೆ ಹುಡುಗಿಯ ಕೈಲಿ ಮಾಡಿಸಿದ್ದೇನೆ.

ಇದು ಎರಡು ತಿಂಗಳಲ್ಲಿ ಆಗದೇ ಹೋಗಬಹುದು. ಆಗ ಜಗಳ ಬಿಟ್ಟು ಜಾಗ ನೋಡು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಆದಮೇಲೆ ಕನಿಷ್ಠ 48 ಗಂಟೆ ಅಲ್ಲೇ ಇರು, ಮಗುವಿನ ತೂಕ ಕಡಿಮೆ ಇದ್ದರೆ ಇನ್ನೂ ಇರುತ್ತೇನೆ ಅಂತ ಡಾಕ್ಟರಿಗೆ ನಿನ್ನ ಪರಿಸ್ಥಿತಿ ಬಿಡಿಸಿ ಹೇಳು. ನಾಚಿಕೆ ಪಡಬೇಡ. ಅಲ್ಲಿಂದ ಚಳ್ಳಕೆರೆಯಲ್ಲಿ ಬಾಡಿಗೆಗೆ ಒಂದು ರೂಮೋ, ಗಂಡನ ಬೆಂಗಳೂರಿನ ಮನೆಯೋ ಆದೀತು. ಆಶಾ ಕಾರ್ಯಕರ್ತೆಗೆ ಈಗಲೇ ತಿಳಿಸಿಡು. ಆಕೆ 3, 7, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ನೋಡಬೇಕು, ನೀನು ಎಲ್ಲಿದ್ದೀಯ ಅಂತ ಆಕೆಗೆ ಗೊತ್ತಿರಬೇಕು.

ಏನೂ ಆಗದೆ ಹೊರಗೇ ಇರಬೇಕಾಗಿ ಬಂದರೆ, ಇದನ್ನು ಬಾಯಿಪಾಠ ಮಾಡಿಕೋ. ಕೂಸಿಗೆ ನಿನ್ನ ಮೈಯೇ ಒಲೆ. ಬಟ್ಟೆ ಬಿಚ್ಚಿ ಎದೆಗೆ ಅವಚಿಕೊಂಡು ಮೇಲಿಂದ ಕಂಬಳಿ ಹೊದ್ದುಕೋ. ತಲೆಗೆ ಟೋಪಿ, ಕಾಲಿಗೆ ಕಾಲುಚೀಲ. ತಣ್ಣೀರು ಸ್ನಾನ ಯಾರು ಹೇಳಿದರೂ ಮಾಡಿಸಬೇಡ. ಮೊದಲ ಹಳದಿ ಹಾಲನ್ನು ಚೆಲ್ಲಬೇಡ, ಗಂಟೆಯೊಳಗೆ ಕುಡಿಸು. ಹೊಟ್ಟೆ ಮುಟ್ಟಿ ನೋಡು, ಕಾಲು ಮುಟ್ಟಿ ನೋಡು. ಎರಡೂ ತಣ್ಣಗಿದ್ದರೆ, ಹಾಲು ಚೀಪದಿದ್ದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಎದೆ ಒಳಕ್ಕೆ ಸೆಳೆದರೆ, ಫಿಟ್ಸ್ ಬಂದರೆ, ಯಾರ ಅಪ್ಪಣೆಗೂ ಕಾಯಬೇಡ. 108ಕ್ಕೆ ಫೋನ್ ಮಾಡು. ನಿನಗೇ ರಕ್ತ ಜಾಸ್ತಿ ಹೋದರೂ ಅಷ್ಟೇ. ಬಲವಂತ ಮಾಡಿ ಇರಿಸಿದರೆ ಮಹಿಳಾ ಸಹಾಯವಾಣಿ 181. ಆಗ ಪೊಲೀಸರೂ ಬರಲಿ, ಹಟ್ಟಿಯವರು ಏನಂದರೂ ಅನ್ನಲಿ. ಫೋನು ಚಾರ್ಜ್ ಇಲ್ಲದೆ ಆ ರಾತ್ರಿಗಳಲ್ಲಿ ಇರಬೇಡ.

ಅತ್ತೆಯ ಮೇಲೆ ಹಗೆ ಇಟ್ಟುಕೊಳ್ಳಬೇಡ. ಒಂದು ಸಂಜೆ ಒಬ್ಬರೇ ಇದ್ದಾಗ, "ನೀವು ನಿಮ್ಮ ಬಾಣಂತನದಲ್ಲಿ ಹೆಂಗಿದ್ರಿ ಅತ್ತೆ?" ಅಂತ ಕೇಳು. ಮಧ್ಯೆ ಮಾತಾಡದೆ ಪೂರ್ತಿ ಕೇಳಿಸಿಕೋ. ಆಕೆಗೆ ಅದನ್ನು ಯಾರೂ ಕೇಳಿರುವುದಿಲ್ಲ.

ಹೆರಿಗೆಯಾದ ಮೇಲೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕು. ಎಲ್ಲಿದ್ದೀಯ, ಕೂಸಿನ ತೂಕ ಎಷ್ಟು ಬಂತು, ಎರಡನ್ನೂ ಬರಿ.